ನೀನು ಹತ್ತದ ಬಂದರು ಗುಡ್ಡ

ಅಪ್ಪಾ,

ನೋಡಿ ಬಂದೆ. ನೀನು ಸದ್ದು ಮಾತ್ರ ಕೇಳಿ ಬಂದಿದ್ದೆಯಲ್ಲ, ಆ ಸಮುದ್ರವನ್ನು. ಅದೇ ಗುಡ್ಡ, ಅದೇ ಬಂಗಲೆ, ನಿನ್ನನ್ನೂ ಎತ್ತುಗಳನ್ನೂ ಕೂರಿಸಿದ್ದ ಅದೇ ಬಾವಿಕಟ್ಟೆ. ನಾನು ಬುಡದಲ್ಲಿ ಕೂರಲಿಲ್ಲ. ಮೇಲೆ ಹತ್ತಿದೆ, ಬಿಸಿಲು ಇಳಿಯುವವರೆಗೂ ನಿಂತೆ, ಯಾರನ್ನೂ ಕೇಳಲಿಲ್ಲ. ಕೇಳದೆ ಒಂದು ಕೆಲಸ ಮಾಡಿದ್ದು ನನ್ನ ಆಯುಸ್ಸಿನಲ್ಲಿ ಅದೇ ಮೊದಲಿರಬೇಕು. ಅಲ್ಲಿಂದ ಬಂದ ಮೇಲೆ ಇನ್ನೊಂದು ಕೆಲಸವನ್ನೂ ಮಾಡಿದ್ದೇನೆ. ಅದು ನಿನಗೆ ಹಿಡಿಸುತ್ತದೋ ಇಲ್ಲವೋ ತಿಳಿಯದು. ಹಿಡಿಸದಿದ್ದರೂ ಹೇಳುತ್ತೇನೆ, ಕೇಳು.

ಬಂಡಿಯ ಅಚ್ಚಿಗೆ ಕೀಲೆಣ್ಣೆ ಸವರುತ್ತ ನೀನು ಆ ಕತೆ ಹೇಳುತ್ತಿದ್ದುದು ನೆನಪಿದೆ. ನಮ್ಮೂರು ಸೊಕ್ಕೆಯಲ್ಲಿ ಅದು ಗೊತ್ತಿಲ್ಲದವರು ಯಾರಿದ್ದರು? ಸಾಹೇಬರೊಬ್ಬರ ಸಂಸಾರವನ್ನು ಘಟ್ಟದ ಕೆಳಗೆ ಕರೆದೊಯ್ದು, ವಾಪಸು ತಂದು ಬಿಟ್ಟು, ಸೊರಗಿದ ಎತ್ತುಗಳೊಂದಿಗೆ ನೀನು ಊರಿಗೆ ಬಂದಾಗ, ಕಣದಲ್ಲಿ ಕೂತವರು ಕೇಳಿದ್ದರಂತೆ.

"ಯಾವೂರಿಗೆ ಹೋಗಿದ್ದಲೇ ಓಬಣ್ಣ?"

"ಬಂದ್ರು."

"ಯಾರು ಬಂದ್ರು?"

"ಯಾರೂ ಬರ್ಲಿಲ್ಲ. ಊರ ಹೆಸರೇ ಬಂದ್ರು."

"ಹೋದೋನು ನೀನು. ಬಂದ್ರು ಅಂತೀಯ. ಯಾರು ಬಂದ್ರು ಅಂತ ನೆಟ್ಟಗೆ ಹೇಳಲೇ!"

ಅಂದಿನಿಂದ ನೀನು 'ಯಾರ್ ಬಂದ್ರು ಓಬಣ್ಣ'. ಬಂದರು ಎಂದರೆ ದೋಣಿ ನಿಲ್ಲುವ ಜಾಗ, ಊರಿನ ಹೆಸರಲ್ಲ, ಕರಾವಳಿಯ ಉದ್ದಕ್ಕೂ ಬಂದರುಗಳಿವೆ ಎಂದು ನಾನು ತಿಳಿದದ್ದು ಮೈಸೂರಿಗೆ ಓದಲು ಹೋದ ಮೇಲೆ. ನಿನಗೆ ತಿದ್ದಿ ಹೇಳಲಿಲ್ಲ. ನೀನು ಹೋಗಿ ಬಂದ ಊರು, ನೀನಿಟ್ಟ ಹೆಸರು. ತಿದ್ದಲು ನಾನು ಯಾರು?

ಆ ಊರಿನ ತನಕ ನಿನ್ನ ಬಂಡಿ ಯಾಕೆ ಹೋಯಿತು ಎಂಬುದನ್ನು ಮಾತ್ರ ನೀನು ನಗದೆ ಹೇಳುತ್ತಿದ್ದೆ. ಅಧಿಕಾರಿಗಳ ಸವಾರಿ ಹೊರಟರೆ ಕೂಲಿಯಿಲ್ಲದೆ ಬಂಡಿ ಕಟ್ಟಬೇಕು, ಅದೇ ಬಿಟ್ಟಿ. ಆದರೆ ಬಿಟ್ಟಿಗೂ ಒಂದು ಪದ್ಧತಿ ಇತ್ತು. ನಮ್ಮ ಬಂಡಿ ಮುಂದಿನ ತಂಗುದಾಣದವರೆಗೆ ಹೋದರೆ ಸಾಕು, ಅಲ್ಲಿ ಆ ಊರಿನ ಬಂಡಿ ಸಾಮಾನು ಏರಿಸಿಕೊಳ್ಳಬೇಕು. ನೀನು ಹೊನ್ನಾಳಿ ತಲುಪುವಷ್ಟರಲ್ಲಿ ಸುದ್ದಿ ನಿನಗಿಂತ ಮೊದಲೇ ಹೊಳೆ ದಾಟಿತ್ತು. ಅಲ್ಲಿನ ಬಂಡಿಗಳೆಲ್ಲ ಚಕ್ರ ಕಳಚಿಕೊಂಡು ಬಿದ್ದಿದ್ದವು. ನ್ಯಾಮತಿಯಲ್ಲೂ ಅದೇ ಪಾಡು. ಚಕ್ರ ಅಚ್ಚಿನಿಂದ ಜಾರದಂತೆ ತಡೆಯುವ ಆ ಬೆರಳುದ್ದದ ಕಬ್ಬಿಣ, ಕಡಾಣಿ, ಅದನ್ನು ಕಿತ್ತು ಹಿತ್ತಲಲ್ಲಿ ಹೂತುಬಿಟ್ಟು, "ಕಡಾಣಿ ಕಳದೈತೆ ಸ್ವಾಮೀ, ಬಂಡಿ ಕದಲಂಗಿಲ್ಲ" ಎಂದು ಕೈಮುಗಿಯುವುದು ಅವರ ಉಪಾಯ. ನಿನ್ನ ಬಂಡಿಗೆ ಮಾತ್ರ ಕಡಾಣಿ ಇತ್ತು. "ಹಾಗಾದರೆ ಇದೇ ನಡೀಲಿ" ಎಂದರಂತೆ ಸಾಹೇಬರು. ಇಡೀ ಸೀಮೆ ಸುಳ್ಳು ಹೇಳಿತು, ಸುಳ್ಳು ಹೇಳದವನು ಸಮುದ್ರದವರೆಗೆ ಹೋದ.

ನೀನು ಹಿಂದಿರುಗಿದ ದಿನ ಅವ್ವ ಕೇಳಿದ್ದನ್ನು ಅವಳೇ ನನಗೆ ಹೇಳಿದ್ದಾಳೆ. "ಸಮುದ್ರ ಹೆಂಗೈತೆ?" ನೀನು ಕಾಲು ತೊಳೆಯುತ್ತ ಅಂದೆಯಂತೆ: "ನೋಡಾಕೆ ಬಿಡ್ಲಿಲ್ಲ. ಗುಡ್ಡದ ಆ ಕಡೆ ಐತೆ. ಸಾಮಾನು ಬಿಟ್ಟು ಅಲುಗಬ್ಯಾಡ ಅಂದ್ರು. ಸದ್ದು ಕೇಳ್ದೆ. ಜೋಳ ತೂರಿದಂಗೆ ಕೇಳ್ತೈತೆ." ಆ ಮಾತು ಹೇಳುವಾಗ ನಿನಗೆ ಸಿಟ್ಟು ಬಂದಿತ್ತೇ? ಅವ್ವನನ್ನು ಕೇಳಿದರೆ, "ಸಿಟ್ಟು ಯಾಕಪ್ಪ, ಉಂಡು ಮಲಗಿದ್ರು" ಎನ್ನುತ್ತಾಳೆ. ನನಗೆ ನಂಬಿಕೆಯಿಲ್ಲ. ಸಿಟ್ಟಿಲ್ಲದವನು ಆಮೇಲೆ ಯಾರಿಂದಲೂ ಏನನ್ನೂ ಬಿಟ್ಟಿ ತೆಗೆದುಕೊಳ್ಳದೆ ಬದುಕುತ್ತಾನೆಯೇ? ಮದುವೆಮನೆಯಲ್ಲಿ ಉಂಡರೆ ಸೌದೆ ಒಡೆದುಕೊಟ್ಟು ಬರುತ್ತಿದ್ದೆ. ಪಕ್ಕದ ಮನೆಯವರು ಮಜ್ಜಿಗೆ ಕೊಟ್ಟರೆ ಅವರ ಹಗ್ಗ ಹೊಸೆದುಕೊಡುತ್ತಿದ್ದೆ. "ಬಿಟ್ಟಿ ಕೊಟ್ಟೋನು ಬಿಟ್ಟಿ ಕೇಳ್ತಾನೆ ಕಣಲೇ" ಅನ್ನುತ್ತಿದ್ದೆ. ಆದರೆ ಕೇಳಿದವರಿಗೆಲ್ಲ ಬಂಡಿ ಕಟ್ಟಿಕೊಂಡು ಹೋಗುತ್ತಲೂ ಇದ್ದೆ. ಆ ಎರಡೂ ಒಂದೇ ಮೈಯಲ್ಲಿ ಹೇಗೆ...

ನೀನು ಹಾಸಿಗೆ ಹಿಡಿದಿದ್ದಾಗ, ನಾನು ಕಡೆಯ ವರ್ಷದ ಓದಿನಲ್ಲಿದ್ದೆ, ಒಮ್ಮೆ ನೀನೇ ಕೇಳಿದೆ: "ಬಿ.ಎ. ಅಂದ್ರೆ ಏನೇನು ಓದ್ತೀಯಪ್ಪ?" ಪದ್ಯ, ನಾಟಕ, ಹಳಗನ್ನಡ ಎಂದೆ ನಾನು. "ಅಷ್ಟೆಲ್ಲ ಓದಿದ್ರೆ ಮನುಷ್ಯರ ಜತಿ ಮಾತಾಡಾಕೆ ಬರ್ತೈತೇನು?" ಅವ್ವ ನಕ್ಕಳು, ನಾನು ತಲೆ ತಗ್ಗಿಸಿದೆ. ಪಾಸಾದೆ ಅಪ್ಪಾ. ಚನ್ನಗಿರಿಯ ಸ್ಕೂಲಿನಲ್ಲಿ ಕನ್ನಡ ಪಂಡಿತರ ಜಾಗದಲ್ಲಿ ತಾತ್ಕಾಲಿಕವಾಗಿ ನಿಂತೆ. ತರಗತಿಯಲ್ಲಿ ಪಾಠ ಹೇಳುತ್ತಿದ್ದೆ, ಆಫೀಸು ಕೋಣೆಯಲ್ಲಿ ಬಾಯಿ ಒಣಗುತ್ತಿತ್ತು. ಹಳೆಯ ಚಾಳಿ ಬಿಟ್ಟಿರಲಿಲ್ಲ. ಜನ ಮಾತಾಡುವುದನ್ನು ನೋಡುತ್ತ ನಿಲ್ಲುತ್ತಿದ್ದೆ, ನನ್ನ ಸರದಿ ಬರುವಷ್ಟರಲ್ಲಿ ಅವರು ಎದ್ದುಹೋಗಿರುತ್ತಿದ್ದರು.

ಹಾಗಿರುವಾಗ ತಮ್ಮ ಸಿದ್ದ ಒಂದು ಸಂಜೆ ಚನ್ನಗಿರಿಗೆ ಬಂದ. ಮುಖ ನೋಡಿಯೇ ಏನೋ ಇದೆ ಅನ್ನಿಸಿತು. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ದೊಡ್ಡವರ ಮೋಟಾರುಗಳೆಲ್ಲ ನಿಂತಿವೆ. ಹೊಸ ಸಾಹೇಬರಿಗೆ ಹೆಂಡತಿ ಮಕ್ಕಳೊಂದಿಗೆ ದೂರದ ಸವಾರಿ ಇದೆ, ನಮ್ಮ ಬಂಡಿಯೇ ಬೇಕಂತೆ.

"ನಿಮ್ಮಪ್ಪನ ಬಂಡಿ ಅಂದ್ರೆ ನಂಬಿಕೆ ಬಂಡಿ ಕಣಲೇ, ಅಂದ್ರು ಗೌಡ್ರು," ಸಿದ್ದ ಹೇಳಿದ. "ಕೂಲಿ ಏನ್ರೀ ಅಂದೆ. ನಿಮ್ಮಣ್ಣನ ಕೆಲಸ ಕಾಯಂ ಆಗೋದು ಈ ಸಾಹೇಬ್ರ ಬಾಯಾಗೈತೆ, ಅದೇ ಕೂಲಿ ಅನ್ಕ ಅಂದ್ರು. ಕಡಾಣಿ ಹೂತು ಬಿಡ್ಲೇನಣ್ಣ?"

ಕಡಾಣಿ ಹೂಳು ಎಂದರೆ ನಿನಗೆ ಅವಮಾನ. ಬಂಡಿ ಕಟ್ಟು ಎಂದರೆ... ಅದಕ್ಕೆ ಏನೆಂದು ಹೆಸರು ಹೇಳಲಿ? "ರಜ ಬರ್ಲಿ, ಊರಿಗೆ ಬಂದು ಹೇಳ್ತೀನಿ" ಎಂದೆ. ಸಿದ್ದ ನನ್ನನ್ನು ನೋಡಿದ ರೀತಿ ಚೆನ್ನಾಗಿರಲಿಲ್ಲ. "ನೀನು ಹೇಳೋ ಹೊತ್ತಿಗೆ ಬಂಡಿ ಹೊನ್ನಾಳಿ ದಾಟಿರ್ತೈತೆ ಬಿಡು" ಎಂದು ಹೊರಟುಹೋದ.

ರಜ ಶುರುವಾದ ಬೆಳಿಗ್ಗೆ ನಾನು ಊರಿನ ಕಡೆ ಹೋಗದೆ ಶಿವಮೊಗ್ಗದ ಬಸ್ಸು ಹತ್ತಿದೆ, ಅಲ್ಲಿಂದ ಘಟ್ಟದ ಬಸ್ಸು. ಈಗ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತವೆ ಅಪ್ಪಾ, ಹಿಂದೆ ಒಂದು ದೊಡ್ಡ ಒಲೆ ಕಟ್ಟಿಕೊಂಡು. ಏರು ಬಂದಲ್ಲಿ ಇಳಿದು ತಳ್ಳಬೇಕು. ಬೆನ್ನು ಕೊಟ್ಟು ತಳ್ಳುವಾಗ ನೀನು ಇದೇ ದಾರಿಯಲ್ಲಿ ಎತ್ತಿನ ಮುಂದೆ ಮಿಣಿ ಹಿಡಿದು ನಡೆದದ್ದು ನೆನಪಾಗಿ, ಇನ್ನೂ ಸ್ವಲ್ಪ ಜೋರಾಗಿ ತಳ್ಳಿದೆ. ಕಂಡಕ್ಟರಿಗೆ ನೀನು ಹೇಳುತ್ತಿದ್ದ ಗುರುತುಗಳನ್ನೆಲ್ಲ ಹೇಳಿದೆ: ಘಟ್ಟ ಇಳಿದ ದಾರಿ ಮುಗಿಯುವ ಊರು, ಗುಡ್ಡದ ತಲೆಯ ಮೇಲೊಂದು ಬಂಗಲೆ, ಬುಡದಲ್ಲಿ ಕಲ್ಲಿನ ಬಾನಿ ಇರುವ ಬಾವಿ. "ಬಂಗ್ಲೆಗುಡ್ಡೆ ಅಲ್ದಾ? ನಮ್ಮ ಬಸ್ಸು ನಿಲ್ಲುದೇ ಅಲ್ಲಿ" ಎಂದ. ಅಷ್ಟು ಸಲೀಸು. ನೀನು ಜೀವಮಾನವಿಡೀ ಹೇಳಿದ ಊರು ಕಂಡಕ್ಟರನ ಬಾಯಲ್ಲಿ ಒಂದು ಸ್ಟಾಪು.

ಬಾವಿಯ ಹತ್ತಿರ ಇಳಿದಾಗ ಮೊದಲು ಬಂದದ್ದು ಒಣಮೀನಿನ ವಾಸನೆ, ಆಮೇಲೆ ಸದ್ದು. ನೀನು ಹೇಳಿದ್ದು ಸರಿ. ಜೋಳ ತೂರಿದಂತೆಯೇ. ಗುಡ್ಡ ಅಡ್ಡ ಇತ್ತು, ಒಂದು ಹನಿ ನೀರೂ ಕಾಣುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಬರಿ ಬುಟ್ಟಿ ಬೋರಲು ಹಾಕಿಕೊಂಡು ಮೀನು ಮಾರುವ ಹೆಂಗಸೊಬ್ಬಳು ಎಲೆಯಡಿಕೆ ಹಾಕುತ್ತಿದ್ದಳು. ಮೇಲೆ ಹತ್ತಬಹುದೇ ಎಂದು ಕೇಳಲು ಹೋಗಿ, ಕೇಳಲಾರದೆ ನಿಂತೆ. ಅವಳೇ ಮಾತು ತೆಗೆದಳು.

"ಸಮುದ್ರ ಕಾಂಬುಕೆ ಬಂದದ್ದಾ ಮಾರಾಯ್ರೆ? ಹತ್ತಿ, ಹತ್ತಿ. ಧರ್ಮಕ್ಕೆ."

ಧರ್ಮಕ್ಕೆ! ನಿನ್ನ ಮಗನಲ್ಲವೇ, ಮೈ ಉರಿಯಿತು. "ನಾನು ಧರ್ಮ ಬೇಡಾಕೆ ಬಂದೋನಲ್ಲಮ್ಮ" ಎಂದುಬಿಟ್ಟೆ. ಅಪರಿಚಿತರೊಂದಿಗೆ ಇಷ್ಟು ಗಟ್ಟಿಯಾಗಿ ನಾನು ಮಾತಾಡಿದವನೇ ಅಲ್ಲ.

ಅವಳು ಎಲೆಯ ರಸ ಉಗುಳಿ ನಕ್ಕಳು. "ಅಯ್ಯೋ ದೇವ್ರೆ, ಇದೆಂತ ಸಿಟ್ಟ್! ನಿಮ್ಗೆ ಧರ್ಮ ಕೊಡುಕೆ ನನ್ನತ್ರ ಎಂತ ಇತ್ತ್? ದುಡ್ಡ್ ಬ್ಯಾಡ ಅಂದ್ರೆ ನಮ್ಮಲ್ಲಿ ಧರ್ಮಕ್ಕೆ ಅಂಬ್ರ್. ನಿಮ್ಮ ಬದಿಯಲ್ಲಿ ಎಂತ ಅಂಬ್ರ್?"

"ಬಿಟ್ಟಿ" ಎಂದೆ. ಹೇಳುವಾಗ ನಾಲಗೆಯ ಮೇಲೆ ಕಲ್ಲು ಇಟ್ಟಂತಾಯಿತು.

"ಬಿಟ್ಟಿಯಾ? ಹಾಂಗಂದ್ರೆ ಇಲ್ಲಿ ಕೂಲಿ ಕೊಡ್ದೆ ದುಡ್ಸ್ಕಂಬುದು. ಅದ್ ಬ್ಯಾಡ. ಧರ್ಮವೂ ಬ್ಯಾಡ. ಸುಮ್ನೆ ಹೋಯ್ ಕಾಣಿ!"

ನಾಲ್ಕು ವರ್ಷ ಶಬ್ದಗಳನ್ನೇ ಓದಿದವನಿಗೆ ಅದುವರೆಗೆ ಹೊಳೆದಿರಲಿಲ್ಲ. ದುಡ್ಡಿಲ್ಲದೆ ಸಿಗುವುದಕ್ಕೂ ದುಡ್ಡಿಲ್ಲದೆ ದುಡಿಯುವುದಕ್ಕೂ ನಮ್ಮ ಸೀಮೆಯಲ್ಲಿ ಒಂದೇ ಮಾತು. ಸಿಗುವವನು ಒಬ್ಬ, ದುಡಿಯುವವನು ಇನ್ನೊಬ್ಬ, ಆದರೂ ಮಾತು ಒಂದೇ. ಆ ಮಾತನ್ನು ಮಾಡಿದವರು ಯಾರಪ್ಪಾ? ಖಂಡಿತ ಬಂಡಿ ಹೊಡೆದವರಲ್ಲ.

ಸುಮ್ಮನೆ ಹತ್ತಿದೆ. ಬಂಗಲೆಯ ಬೇಲಿಯ ಪಕ್ಕದಲ್ಲೇ ಕಾಲುದಾರಿ, ಅದರ ಕೊನೆಗೆ ಬೋಳು ಬಂಡೆ. ಬಂಡೆಗೆ ಬೇಲಿಯಿಲ್ಲ, ಬೋರ್ಡಿಲ್ಲ, ಕಾವಲಿಲ್ಲ. ಹೆಜ್ಜೆ ಇಟ್ಟೆ, ಎದುರಿಗೆ ಇತ್ತು.

ಹೇಗಿದೆ ಎಂದು ಕೇಳುತ್ತೀಯ. ಹೇಳುತ್ತೇನೆ. ನೀಲಿಯಲ್ಲ. ಹೊಳೆ ಬಂದು ಸೇರುವಲ್ಲಿ ನಮ್ಮ ಕೆರೆಯ ಹೊಸನೀರಿನಂತೆ ಕೆಂಪಗೆ ಇದೆ, ಆಚೆಗೆ ಹುರುಳಿ ಪೈರಿನ ಹಸಿರು, ಅದರಾಚೆ ಒದ್ದೆ ಬಳಪದ ಬಣ್ಣ. ಅದಕ್ಕೆ ಆಚೆ ದಂಡೆ ಇಲ್ಲ. ನೀನು ಎಷ್ಟೇ ಕಣ್ಣು ಕಿರಿದು ಮಾಡಿದರೂ ಇಲ್ಲ. ಕೆಳಗೆ ಬಂದರಿನ ಬಾಯಿಯಲ್ಲಿ ದೋಣಿಗಳು ಹಾಯಿ ಮಡಿಸಿಕೊಂಡು, ಬಿತ್ತನೆ ಮುಗಿದ ಹೊಲದಲ್ಲಿ ಕೊಕ್ಕರೆ ಕೂತಂತೆ ಕೂತಿದ್ದವು. ಮರಳಿನ ಮೇಲೆ ಬಲೆ ಹರವಿದ್ದು ಮೇಲಿನಿಂದ ಕಣದಂತೆಯೇ ಕಾಣುತ್ತದೆ. ಒಂದು ದೋಣಿಯನ್ನು ಜನ ಸಾಲಾಗಿ ನಿಂತು ದಡಕ್ಕೆ ಎಳೆಯುತ್ತಿದ್ದರು. ಒಬ್ಬ ಕೂಗುತ್ತಾನೆ, ಉಳಿದವರು ಎಳೆಯುತ್ತಾರೆ. ಕೂಗು ನನ್ನ ತನಕ ಬರುವಷ್ಟರಲ್ಲಿ ದೋಣಿ ಆಗಲೇ ಒಂದು ಮೊಳ ಸರಿದಿರುತ್ತಿತ್ತು. ಬುಟ್ಟಿ ಹೊತ್ತ ಹೆಂಗಸರು ಅಲೆಗಿಂತ ಮುಂಚೆ ದೋಣಿ ಮುಟ್ಟಬೇಕೆಂದು ಓಡುತ್ತಿದ್ದರು. ಮಕ್ಕಳು, ನಾಯಿಗಳು, ಕಾಗೆಗಳು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ನಾಚಿಕೆಯವನಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ನಾನು ನಕ್ಕೆ ಅಪ್ಪಾ. ಒಬ್ಬನೇ, ಗಟ್ಟಿಯಾಗಿ.

ನಗುತ್ತ ಹಿಂದಕ್ಕೆ ತಿರುಗಿದೆ. ಅಲ್ಲಿಯೇ ನಗು ನಿಂತಿತು. ಬಂಡೆಯ ಈ ಕಡೆಯಿಂದ ಬಾವಿಕಟ್ಟೆ ಕಾಣುತ್ತದೆ. ಚೆನ್ನಾಗಿ ಕಾಣುತ್ತದೆ. ನಾನು ಹತ್ತಿದ ಮೇಲೆ ಬಂಗಲೆಗೆ ಯಾರೋ ದೊಡ್ಡವರು ಬಂದು ಇಳಿದಿದ್ದರೆಂದು ಆಗ ತಿಳಿಯಿತು, ಕಟ್ಟೆಯ ಬಳಿ ಎರಡು ಬಂಡಿ ನೊಗ ಇಳಿಸಿ ನಿಂತಿದ್ದವು. ಬಂಡಿಯವರು ಗುಡ್ಡಕ್ಕೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದ್ದರು. ಒಬ್ಬನ ರುಮಾಲಿನ ಸುತ್ತು, ಎತ್ತಿನ ಬೆನ್ನ ಮೇಲಿನ ಹುಣ್ಣು, ಎಲ್ಲ ಕಾಣುತ್ತಿತ್ತು. ಅಪ್ಪಾ, ಅಂದು ಮೇಲಿದ್ದ ಸಾಹೇಬರ ಸಂಸಾರಕ್ಕೆ ನೀನು ಹೀಗೇ ಕಾಣುತ್ತಿದ್ದೆ. ಗುಡ್ಡ ಅಡ್ಡ ಇದ್ದದ್ದು ನಿನ್ನ ಕಣ್ಣಿಗೆ ಮಾತ್ರ. ಆ ಸಂಜೆಯಿಡೀ ಅವರು ಅತ್ತ ತಿರುಗಿದರೆ ಸಮುದ್ರ, ಇತ್ತ ತಿರುಗಿದರೆ ನೀನು. ಒಂದು ಸಲ ಕೈ ಬೀಸಿ "ಬಾರಪ್ಪ, ನೋಡು" ಎಂದಿದ್ದರೆ ಏನು ಸವೆಯುತ್ತಿತ್ತು? ಸಮುದ್ರ ಸವೆಯುತ್ತಿತ್ತೇ?

ಇಳಿದು ಬಂದೆ. ಆ ಇಬ್ಬರಲ್ಲಿ ಹಿರಿಯನನ್ನು "ಯಾವ ಕಡೇರು?" ಎಂದು ಕೇಳಿದೆ.

"ನ್ಯಾಮತಿ ಕಡೇರ್ರೀ."

ನ್ಯಾಮತಿಯವರಿಗೂ ಈಗ ಕಡಾಣಿ ಹೂಳುವುದು ಸಾಗುತ್ತಿಲ್ಲ ಎಂದಾಯಿತು. "ಮೇಲೆ ಹೋಗಿ ಸಮುದ್ರ ನೋಡಿದ್ರೇನು?"

"ಎಲ್ಲೀದ್ರೀ. ಎತ್ತು ಯಾರು ನೋಡ್ತಾರೆ?"

"ನಾನು ನೋಡ್ಕಂತೀನಿ, ಹೋಗ್ರಿ."

ಅವನು ನನ್ನ ಕೋಟು, ಕನ್ನಡಕ ಎಲ್ಲ ನೋಡಿದ. "ನಿಮಗೆ ಎತ್ತು ಹಿಡಿಯಾಕೆ ಬರ್ತೈತೇನ್ರೀ?" ನಾನು ಅವನ ಕೈಯಿಂದ ಹಗ್ಗ ತೆಗೆದುಕೊಂಡೆ. ಎತ್ತು ನನ್ನ ಭುಜ ಮೂಸಿ ಸುಮ್ಮನಾಯಿತು. ಜತೆಯವನು, "ಹೋಗಣ್ಣೋ, ಬಂದು ನಮಗೂ ಹೇಳು" ಎಂದು ಕೆಣಕಿದ. ಅವನು ಹೋದ.

ಅಷ್ಟರಲ್ಲಿ ಬಂಗಲೆಯ ಜವಾನ ಇಳಿದು ಬಂದ. "ಆ ಬಂಡಿಯವ ಎಲ್ಲಿ? ಮೇಲೆ ಹೋದನಾ? ಯಾರ ಅಪ್ಪಣೆ?"

"ನಮ್ಮಪ್ಪನ ಅಪ್ಪಣೆ" ಎಂದೆ.

ಅವನು ಗಾಬರಿಯಾಗಿ ನನ್ನ ಕೋಟಿನ ಕಡೆ ನೋಡಿದ. ಯಾವ ದೊಡ್ಡ ಅಪ್ಪನೋ, ಯಾವ ಕಚೇರಿಯ ಅಪ್ಪನೋ ಎಂದುಕೊಂಡಿರಬೇಕು. "ಹಾಗಾದ್ರೆ ಸರಿ" ಎಂದು ಹೊರಟುಹೋದ! ನಿನಗೆ ನಗು ಬರುವುದಿಲ್ಲವೇ? ನನಗೆ ಆಗ ಬರಲಿಲ್ಲ, ಈಗ ಬರುತ್ತಿದೆ.

ನ್ಯಾಮತಿಯವನು ಹಿಂದಿರುಗಿ ಬಂದು ಹಗ್ಗ ತೆಗೆದುಕೊಂಡ. ಜತೆಯವನು, "ಏನೈತಣ್ಣ?" ಎಂದ. "ಏನಿಲ್ಲ ಬಿಡಲೇ. ನೀರು" ಎಂದ. ಎತ್ತಿನ ಕೊರಳು ಸವರಿದ. ಆಮೇಲೆ, ಯಾರೂ ಕೇಳದಿದ್ದರೂ, "ಆದ್ರೆ ನಾನೇ ನೋಡ್ದೆ" ಎಂದ.

ಮರುದಿನವೇ ಹೊರಟು ಸೊಕ್ಕೆಗೆ ಬಂದೆ. ಸವಾರಿಯ ದಿನ ಹತ್ತಿರ ಬಂದಿತ್ತು. ಸಿದ್ದ ಬಂಡಿಯ ಪಕ್ಕದಲ್ಲಿ ಗುದ್ದಲಿ ಹಿಡಿದು ನಿಂತಿದ್ದ, ಹೂಳುವುದಕ್ಕೇ. ಬೇಡ ಎಂದೆ. "ಹಂಗಾದ್ರೆ ಬಂಡಿ ಕಟ್ಟಾಕೇನು?" ಎಂದು ರೇಗಿದ. ಅದೂ ಬೇಡ ಎಂದೆ. ಎರಡೂ ಬೇಡ ಅನ್ನುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ. ನಮ್ಮ ಊರಿನಲ್ಲಿ ಯಾರಿಗೆ ತಿಳಿದಿತ್ತು? ಗೌಡರ ಆಳು ಬಂದಾಗ ನಾನೇ ಎದುರು ಹೋದೆ.

"ಬಂಡಿ ಸರಿಯಾಗೈತೆ. ಎತ್ತು ಗಟ್ಟಿ ಅದಾವೆ. ಬಿಟ್ಟಿ ಬರಲ್ಲ" ಎಂದೆ. ಅಷ್ಟೇ. ದನಿ ಒಡೆಯಿತು, ಆದರೆ ಮಾತು ಒಡೆಯಲಿಲ್ಲ.

ಅವನು ಮಾತಿನಲ್ಲೇ ಎದೆಗೆ ಹೊಡೆದ. "ನಿಮ್ಮಪ್ಪ ಸಾಯೋತಂಕ ಒಂದಿನಾನೂ ಇಲ್ಲ ಅಂದೋನಲ್ಲ. ನೀವು ಓದ್ದೋರು, ಅಪ್ಪನ ಹೆಸರು ಕೆಡಿಸ್ತೀರೇನ್ರೀ?"

ಉತ್ತರ ಕೊಟ್ಟವಳು ಬಾಗಿಲ ಮರೆಯಲ್ಲಿದ್ದ ಅವ್ವ. ಗೌಡರ ಮನೆಯವರೆದುರು ಅವಳು ಹೊಸಲು ದಾಟಿದ್ದನ್ನು ನಾನು ಕಂಡಿಲ್ಲ, ನೀನು ಕಂಡಿದ್ದೆಯಾ? "ಎತ್ತು ನಮ್ಮವು, ಬಂಡಿ ನಮ್ದು. ಸತ್ತೋನೂ ನಮ್ಮೋನೇ. ಅವ್ರ ಮಾತು ನಾವು ಆಡ್ತೀವಿ, ನೀ ಆಡಬ್ಯಾಡ. ನಡಿಯಪ್ಪ" ಎಂದಳು.

ಆಳಿನ ಆ ಮಾತಿಗೆ ಉತ್ತರ ಈಗ ನಿನಗೇ ಹೇಳುತ್ತೇನೆ. ನೀನು ಎಂದೂ ಇಲ್ಲ ಅನ್ನಲಿಲ್ಲ, ನಿಜ. ನೀನು ಎಂದೂ ಸುಳ್ಳೂ ಹೇಳಲಿಲ್ಲ. ಊರು ಮೊದಲನೆಯದನ್ನು ಮಾತ್ರ ನಿನ್ನ ಹೆಸರು ಅಂದುಕೊಂಡಿದೆ. ನಾನು ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಬಿಟ್ಟಿದ್ದೇನೆ. ಇದರಿಂದ ನಿನಗೆ ಬೇಸರವಾದರೆ ಆಗಲಿ. ನಿನ್ನನ್ನು ಎದುರಿಗೆ ಕೂರಿಸಿಕೊಂಡಿದ್ದರೂ ಇದನ್ನೇ ಅನ್ನುತ್ತಿದ್ದೆ. ಅಥವಾ, ನೀನು ಎದುರಿಗಿದ್ದಿದ್ದರೆ ಬಹುಶಃ ತಲೆ ತಗ್ಗಿಸುತ್ತಿದ್ದೆನೋ ಏನೋ... ಇಲ್ಲ. ಅನ್ನುತ್ತಿದ್ದೆ.

ಈಗ ಸುದ್ದಿ. ಚನ್ನಗಿರಿಯ ಕೆಲಸ ಹೋಯಿತು. ರಜ ಮುಗಿಸಿ ಹೋದಾಗ ನನ್ನ ಕುರ್ಚಿಯಲ್ಲಿ ಬೇರೊಬ್ಬರಿದ್ದರು, ಪಾಪ, ಅವರೇ ನನಗಿಂತ ಹೆಚ್ಚು ನಾಚಿಕೊಂಡರು. ಈಗ ಹೊನ್ನಾಳಿಯಲ್ಲಿ ಒಬ್ಬರ ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಸಂಬಳ ಸಣ್ಣದು, ಬಾಯಿ ಒಣಗುವುದಿಲ್ಲ. ಮೊನ್ನೆ ಸಿದ್ದ ಬಂದಿದ್ದ, ಈ ಸಲ ನೆಟ್ಟಗೆ ನನ್ನ ಮುಖ ನೋಡಿ ಮಾತಾಡಿದ. ಮತ್ತೊಂದು ಸವಾರಿಗೆ ಕರೆ ಬಂದಿತ್ತಂತೆ, ನಮ್ಮ ಮನೆಗಲ್ಲ, ಕೆಳಗೇರಿಯ ಇನ್ನೆರಡು ಮನೆಗೆ. ಎತ್ತಿಗೆ ಕಾಲುನೋವು ಅನ್ನಲಿಲ್ಲವಂತೆ, ಮನೆಯಲ್ಲಿ ಸೂತಕ ಅನ್ನಲಿಲ್ಲವಂತೆ. ಬರುವುದಿಲ್ಲ ಅಂದರಂತೆ. ಗೌಡರೇ ಬಂದು, "ಯಾಕ್ರಲೇ, ಏನು ಕಾರಣ?" ಎಂದು ಕೂಗಿದರಂತೆ.

"ಕಾರಣ ಏನೂ ಇಲ್ರೀ. ಬರಲ್ಲ ಅಷ್ಟೇ" ಅಂದರಂತೆ ಅಪ್ಪಾ.

ನಿನ್ನ ಮಗ